‘ಮ್ಯಾಮೋಗ್ರಾಮ್ ವೇಸ್ಟ್’: ಒಂದು ಫಾರ್ವರ್ಡ್, ಬ್ಯಾಚ್ ಗುಂಪಿನ ಜಗಳ

ಮಂಜುನಾಥ: *ಹಲವು ಬಾರಿ ಫಾರ್ವರ್ಡ್ ಆಗಿದೆ* ಮ್ಯಾಮೋಗ್ರಾಮ್‌ನಲ್ಲಿ (ಸ್ತನದ ಎಕ್ಸ್‌ರೇ) ಕ್ಯಾನ್ಸರ್ ಕಾಣೋದೇ ಇಲ್ಲ! ನೋವಿಲ್ಲದ, ರೇಡಿಯೇಷನ್ ಇಲ್ಲದ ಅಲ್ಟ್ರಾಸೌಂಡ್ ಒಂದೇ ಸಾಕು. ಎಲ್ಲ ಅಕ್ಕತಂಗಿಯರಿಗೂ ಕಳಿಸಿ 🙏

ರೇಖಾ: ಮಂಜು, ಇದನ್ನ ಓದಿ ಕಳಿಸಿದ್ಯೇನೋ? ಸ್ತನದೊಳಗಿನ ಸಣ್ಣ ಸುಣ್ಣದ (ಕ್ಯಾಲ್ಸಿಯಂ) ಕಣಗಳು ಅಲ್ಟ್ರಾಸೌಂಡಲ್ಲಿ ಸರಿಯಾಗಿ ಕಾಣಲ್ಲ. ಹಾಲಿನ ನಾಳದೊಳಗೇ ಇರೋ ಡಿಸಿಐಎಸ್ ಅನ್ನೋ ಆರಂಭದ ಹಂತದ ಕ್ಯಾನ್ಸರ್ ಬಹಳಷ್ಟು ಸಲ ಸಿಗೋದೇ ಆ ಕಣಗಳಿಂದ. ಮ್ಯಾಮೋ ಬಿಟ್ರೆ ಅದು ತಪ್ಪಿಹೋಗುತ್ತೆ.

ಮಂಜುನಾಥ: ಚರ್ಚೆ ಆಗ್ಲಿ ಅಂತಾನೇ ಹಾಕಿದ್ದು. ಡೆನ್ಸ್ ಸ್ತನದಲ್ಲಿ, ಅಂದ್ರೆ ಕೊಬ್ಬು ಕಮ್ಮಿ, ಗ್ರಂಥಿ ಜಾಸ್ತಿ ಇರೋದ್ರಲ್ಲಿ, ಮ್ಯಾಮೋದಲ್ಲಿ ಗ್ರಂಥಿಯೂ ಬಿಳಿ, ಗಡ್ಡೆಯೂ ಬಿಳಿ. ರಿಪೋರ್ಟ್ ಮಾತ್ರ ‘ನಾರ್ಮಲ್’. ಹಾಲಿನ ಗ್ರಂಥಿಯಲ್ಲಿ ಶುರುವಾಗೋ ಲೋಬ್ಯುಲರ್ ಕ್ಯಾನ್ಸರ್ ಆದ್ರೆ ಕೇಳೋದೇ ಬೇಡ, ಕೋಶಗಳು ಸಾಲುಸಾಲಾಗಿ ಹರಡ್ತವೆ, ಗಡ್ಡೆ ಕಟ್ಟೋದೇ ಎಷ್ಟೋ ಸಲ ತಡ.

ಗಿರೀಶ್: ಡೆನ್ಸಿಟಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ, ಡಿ ಅಂದ್ರೆ ಅತಿ ಡೆನ್ಸ್. 40 ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸಿ ಅಥವಾ ಡಿ. ಅಷ್ಟೂ ಜನಕ್ಕೆ ಅಲ್ಟ್ರಾಸೌಂಡ್ ಬರೀತೀರಾ? ಜಪಾನಿನ ಜೆ-ಸ್ಟಾರ್ಟ್ ಅಧ್ಯಯನ, 2016, 40ರಿಂದ 49ರ ವಯಸ್ಸು. ಬರೀ ಮ್ಯಾಮೋ ಗುಂಪಲ್ಲಿ ಸೆನ್ಸಿಟಿವಿಟಿ (ಇರೋ ಕ್ಯಾನ್ಸರ್ ಹಿಡಿಯೋ ಪ್ರಮಾಣ) 77%, ಅಲ್ಟ್ರಾಸೌಂಡ್ ಸೇರಿಸಿದ ಗುಂಪಲ್ಲಿ 91%. ಭೇಷ್. ಆದ್ರೆ ಸ್ಪೆಸಿಫಿಸಿಟಿ (ಕ್ಯಾನ್ಸರ್ ಇಲ್ಲದವರನ್ನ ಇಲ್ಲ ಅಂತಲೇ ಹೇಳೋ ಪ್ರಮಾಣ) 91.4%ರಿಂದ 87.7%ಗೆ ಇಳೀತು. ಕ್ಯಾನ್ಸರೇ ಇಲ್ಲದ ಸಾವಿರ ಜನರಲ್ಲಿ ಇನ್ನೂ 37 ಮಂದಿಗೆ ಸುಮ್ಮನೆ ಗಾಬರಿ.

ರೇಖಾ: ಅದಕ್ಕೇ ಡಿ ವರ್ಗದವರಿಗೆ ಎಂಆರ್‌ಐ ಅನ್ನೋದು. ನೆದರ್ಲೆಂಡ್ಸಿನ ‘ಡೆನ್ಸ್’ ಹೆಸರಿನ ಟ್ರಯಲ್, 2019. ಮ್ಯಾಮೋ ನಾರ್ಮಲ್ ಬಂದ ಡಿ ವರ್ಗದವರು ಮಾತ್ರ. ಎರಡು ತಪಾಸಣೆಗಳ ನಡುವೆ ತಲೆಯೆತ್ತಿದ ಕ್ಯಾನ್ಸರ್ ಬರೀ ಮ್ಯಾಮೋ ಗುಂಪಲ್ಲಿ ಸಾವಿರಕ್ಕೆ 5, ಎಂಆರ್‌ಐಗೆ ಕರೆದವರಲ್ಲಿ 2.5. ಕರೆದವರಲ್ಲಿ ಬಂದಿದ್ದೇ 59%. ಬಂದು ಮಾಡಿಸ್ಕೊಂಡವರಲ್ಲಿ 0.8!

ಗಿರೀಶ್: ಅದೇ ಟ್ರಯಲ್‌ನ ಮೊದಲ ಸುತ್ತಲ್ಲಿ ಎಂಆರ್‌ಐ ಮಾಡಿಸ್ಕೊಂಡವರಲ್ಲಿ ಸಾವಿರಕ್ಕೆ ಸುಮಾರು 80 ಫಾಲ್ಸ್ ಪಾಸಿಟಿವ್, ಅಂದ್ರೆ ಕ್ಯಾನ್ಸರ್ ಇಲ್ಲದಿದ್ರೂ ಅನುಮಾನ. ಅದನ್ಯಾಕೆ ನುಂಗಿದೆ?

ರೇಖಾ: ಎರಡನೇ ಸುತ್ತಲ್ಲಿ ಅದು 26ಕ್ಕೆ ಇಳೀತು. ಅದನ್ನ ನೀನ್ಯಾಕೆ ನುಂಗಿದೆ? ಹೋಲಿಸೋಕೆ ಹಳೇ ಚಿತ್ರ ಇದ್ರೆ ಅನುಮಾನ ಅರ್ಧಕ್ಕರ್ಧ ಕಮ್ಮಿ.

ಗಿರೀಶ್: ಸಾವು ಕಮ್ಮಿಯಾಯ್ತು ಅಂತ ಇನ್ನೂ ಸಾಬೀತಾಗಿಲ್ಲ, ರೇಖಾ.

ನಸ್ರೀನ್: ನೀವಿಬ್ಬರೂ ಅಂಕಿ ಎಣಿಸ್ತಾ ಇರಿ. ಮ್ಯಾಮೋ ಕೆಡೋದು ಡೆನ್ಸಿಟಿಯಿಂದ ಮಾತ್ರ ಅಲ್ಲ. ಓರೆ ವ್ಯೂನಲ್ಲಿ ಎದೆಯ ಸ್ನಾಯು ಮೊಲೆತೊಟ್ಟಿನ ಮಟ್ಟದವರೆಗೆ ಇಳಿದು ಕಾಣಬೇಕು. ಕಾಣದಿದ್ರೆ ಹಿಂಭಾಗದ ಅಂಗಾಂಶ ಫಿಲ್ಮಿಗೇ ಬಂದಿಲ್ಲ ಅಂತ ಅರ್ಥ. ಒತ್ತೋದಕ್ಕೆ ಹಿಂಜರಿದ್ರೆ ಪದರಗಳು ಒಂದರ ಮೇಲೊಂದು ಬಿದ್ದು ಗಡ್ಡೆ ಅಡಗುತ್ತೆ. ಕಂಕುಳಿಗೆ ಡಿಯೋಡರೆಂಟ್ ಹಚ್ಕೊಂಡು ಬಂದ್ರಂತೂ ಅದರ ಅಲ್ಯೂಮಿನಿಯಂ ಥೇಟ್ ಸುಣ್ಣದ ಕಣದ ಹಾಗೇ ಕಾಣುತ್ತೆ.

ನಸ್ರೀನ್: ಎಂಆರ್‌ಐಗೂ ಇಂಥವೇ ಇವೆ. ಮುಟ್ಟು ನಿಲ್ಲದವರಿಗೆ ಚಕ್ರದ 7ರಿಂದ 14ನೇ ದಿನದೊಳಗೆ ಡೇಟ್ ಕೊಡಿ. ಇಲ್ಲದಿದ್ರೆ ಆರೋಗ್ಯವಾಗಿರೋ ಅಂಗಾಂಶವೂ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣೋಕೆ ರಕ್ತನಾಳಕ್ಕೆ ಕೊಡೋ ಔಷಧ) ಹೀರಿ ಬೆಳಗುತ್ತೆ. ಬೋರಲು ಮಲಗಿಸಿ, ಮುಂಚಿನ ಚಿತ್ರ ತೆಗೆದು, ಗ್ಯಾಡೋಲಿನಿಯಂ ಅನ್ನೋ ಆ ಕಾಂಟ್ರಾಸ್ಟ್ ಕೊಟ್ಟು ಮತ್ತೆ ತೆಗೆದು, ಎರಡನೆಯದರಿಂದ ಮೊದಲನೆಯದನ್ನ ಕಳೀತೀವಿ. ನಡುವೆ ಸ್ವಲ್ಪ ಅಲುಗಾಡಿದ್ರೂ ಅಂಚುಗಳು ಸುಳ್ಳುಸುಳ್ಳೇ ಹೊಳೀತವೆ. ಕಿಡ್ನಿ ತೊಂದರೆ, ಪೇಸ್‌ಮೇಕರ್ ಮೊದಲೇ ಕೇಳಿ. ಮೇಜಿನ ಮೇಲೆ ಮಲಗಿಸಿದ ಮೇಲಲ್ಲ.

ಮಂಜುನಾಥ: ಸರಿ ಮಾರಾಯ್ರೇ, ಫಾರ್ವರ್ಡ್ ಬದಲು ಏನು ಕಳಿಸ್ಲಿ?

ರೇಖಾ: ಹೀಗೆ ಹಾಕು. “ಮ್ಯಾಮೋಗ್ರಾಮ್ ಬಿಡಬೇಡಿ. ರಿಪೋರ್ಟಿನಲ್ಲಿ ಡೆನ್ಸಿಟಿ ಯಾವ ವರ್ಗ ಅಂತ ಓದಿ. ಮುಟ್ಟಿ ನೋಡಿದ್ರೆ ಅದು ಗೊತ್ತಾಗಲ್ಲ. ಡಿ ಇದ್ರೆ ಎಂಆರ್‌ಐ ಬಗ್ಗೆ ಡಾಕ್ಟರನ್ನ ಕೇಳಿ, ಎಂಆರ್‌ಐ ಆಗದಿದ್ರೆ ಅಲ್ಟ್ರಾಸೌಂಡ್. ಬಿಆರ್‌ಸಿಎ ಜೀನ್ ದೋಷ ಇದ್ದವರಿಗೆ, ಹರೆಯದಲ್ಲಿ ಎದೆಗೆ ರೇಡಿಯೇಷನ್ ಆದವರಿಗೆ ಡೆನ್ಸಿಟಿ ಏನೇ ಇರಲಿ, ಎಂಆರ್‌ಐ ಬೇಕು. ಸಿ ಇದ್ರೂ ಕೇಳಿ.”

ಗಿರೀಶ್: ಕೊನೇ ವಾಕ್ಯ ತೆಗಿ. ಸಿ ಜೊತೆಗೆ ಬೇರೆ ರಿಸ್ಕ್ ಇದ್ರೆ ಮಾತ್ರ.

ರೇಖಾ: ಕೇಳಿ ಅಂದಿದ್ದು, ಮಾಡಿಸಿ ಅಂದಿಲ್ಲ. ತೆಗೆಯಲ್ಲ.

ನಸ್ರೀನ್: ಒಂದು ಸಾಲು ಬಿಟ್ರಿ. ಕೈಗೆ ಗಂಟು ಸಿಕ್ಕಿದ್ರೆ ಅದು ಸ್ಕ್ರೀನಿಂಗೇ (ಲಕ್ಷಣ ಇಲ್ಲದವರ ತಪಾಸಣೆ) ಅಲ್ಲ. ಮ್ಯಾಮೋ ನಾರ್ಮಲ್ ಇದ್ರೂ ಆ ಜಾಗಕ್ಕೆ ಅಲ್ಟ್ರಾಸೌಂಡ್, ಅನುಮಾನ ಉಳಿದ್ರೆ ಬಯಾಪ್ಸಿ.

ಗಿರೀಶ್: ಅದನ್ನ ಎಲ್ಲಕ್ಕಿಂತ ಮೇಲೆ ಹಾಕು, ಮಂಜು. ಸಿ ಬಗ್ಗೆ ನನ್ನ ತಕರಾರು ಹಾಗೇ ಇದೆ.