ಸಹಾಯ ಬೇಕು: ಗದ್ದೆಯಿಂದ ಹಂದಿ ಓಡಿಸೋಕೆ ಯಾವ ನಾಯಿ ಒಳ್ಳೇದು?

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ, ಕಾಡಂಚಿನ ಮನೆ. ಭತ್ತ ಹಾಲು ತುಂಬುವ ಹೊತ್ತಿಗೆ ಕಾಡುಹಂದಿ ಹಿಂಡು ಇಳಿಯುತ್ತದೆ. ತಿನ್ನುವುದಕ್ಕಿಂತ ಹೊರಳಾಡಿ ಹಾಳು ಮಾಡುವುದೇ ಜಾಸ್ತಿ. ಮೊನ್ನೆ ಬೆಳಿಗ್ಗೆ ನೋಡಿದರೆ ಅಂಚು ಒಡೆದು ನೀರೆಲ್ಲ ಕೆಳಗಿನ ಗದ್ದೆಗೆ ಹೋಗಿತ್ತು.

ಬೇಟೆ ಮಾತು ಬೇಡ, 1972ರ ವನ್ಯಜೀವಿ ಕಾಯ್ದೆ ಇದೆಯಲ್ಲ. ಬೊಗಳಿ ನಮ್ಮನ್ನು ಎಬ್ಬಿಸಿದರೆ ಸಾಕು.

ಮುಧೋಳ ತಗೊಳ್ಳಿ ಅಂದರು ಒಬ್ಬರು. ಅದು ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಜಾತಿ, ಬಯಲುಸೀಮೆಗೆ ಸರಿ. ಇಲ್ಲಿನ ಪೊದೆಯಲ್ಲಿ, ಕತ್ತಲಲ್ಲಿ ಏನು ಮಾಡೀತು? ಕೂದಲೂ ಗಿಡ್ಡ, ನಮ್ಮ ಮಳೆ ತಡೆಯುತ್ತಾ? ತಮಿಳುನಾಡಿನ ರಾಜಪಾಳಯಂ, ಕೊಂಬೈ ಎರಡೂ ಹಿಂದೆ ಹಂದಿ ಬೇಟೆಗೇ ಹೆಸರಾದವು. ಆದರೆ ರಾಜಪಾಳಯಂ ಮರಿಗಳಲ್ಲಿ ಕೆಲವು ಹುಟ್ಟು ಕಿವುಡು. ಕೊಂಬೈ ಗಟ್ಟಿಮುಟ್ಟು, ನನ್ನ ಮನಸ್ಸು ಅದರ ಕಡೆಗೇ. ಭಯ ಒಂದೇ: ಧೈರ್ಯ ಜಾಸ್ತಿ ಇರುವ ನಾಯಿ ಒಂಟಿ ಗಂಡುಹಂದಿ ಎದುರು ನಿಂತರೆ ಕೋರೆಯಲ್ಲಿ ಹೊಟ್ಟೆ ಸೀಳಿಬಿಡುತ್ತದೆ.

ನಮ್ಮ ಕರಿಯ ಊರ ನಾಯಿ. ಅಂಚಿನ ಮೇಲೆ ನಿಂತು ಬೊಗಳುತ್ತಾನೆ, ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಹೇಡಿ ಅಂತ ಅಪ್ಪಯ್ಯ ಬೈತಾರೆ, ಆದರೆ ಅದಕ್ಕೇ ಒಂಬತ್ತು ವರ್ಷ ಬದುಕಿದ್ದಾನೆ ಅಲ್ವಾ? ಈಗ ಕಿವಿ ಮಂದ.

ಮಲೆನಾಡಲ್ಲಿ ಕೊಂಬೈ ಸಾಕಿದವರು ಯಾರಾದರೂ ಇದ್ದೀರಾ? ಉಣುಗಿನ ಕಾಟಕ್ಕೆ ಏನು ಮಾಡುತ್ತೀರಿ? ರಾತ್ರಿ ಬಿಟ್ಟರೆ ಚಿರತೆ ಭಯ, ಕಟ್ಟಿದರೆ ಹಂದಿಗೆ ಗೊತ್ತಾಗುತ್ತದೆ. ಅಥವಾ ಸುಮ್ನೆ ಎರಡು ಊರ ಮರಿ ತಂದುಬಿಡಲಾ?