ಪದಚರ್ಚೆ: ಶಾರ್ಟ್ ಸೆಲ್ಲಿಂಗ್‌ಗೆ ‘ಕಡಮಾರಾಟ’ ಆದೀತೇ?

ಗೆಳೆಯರೇ,

ಕರೆನ್ಸಿ ಸಟ್ಟಾ ಸರಿಯೋ ತಪ್ಪೋ ಅನ್ನುವ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ.

ಮೊದಲನೆಯದು ಸ್ಪೆಕ್ಯುಲೇಷನ್, ಅಂದರೆ ಬೆಲೆ ಏರುತ್ತದೋ ಬೀಳುತ್ತದೋ ಅಂತ ಅಂದಾಜು ಕಟ್ಟಿ ಲಾಭಕ್ಕಾಗಿ ಕೊಳ್ಳುವುದು, ಮಾರುವುದು. ‘ಊಹಾಪೋಹ’ ಅಂದರೆ ಗಾಳಿಸುದ್ದಿ ಅನ್ನಿಸುತ್ತದೆ. ‘ಸಟ್ಟಾ’ ಅಂದರೆ ಜೂಜೇ ಆಯಿತು, ವಾದಕ್ಕೆ ಮೊದಲೇ ತೀರ್ಪು. 1992ರ ಸೆಪ್ಟೆಂಬರ್ 16ನ್ನೇ ನೋಡಿ. ಪೌಂಡನ್ನು 2.778 ಜರ್ಮನ್ ಮಾರ್ಕ್‌ಗಿಂತ ಕೆಳಗೆ ಬಿಡೋದಿಲ್ಲ ಅಂತ ಬ್ರಿಟನ್ ಹಟ ಹಿಡಿದಿತ್ತು. ಆ ಬೆಲೆ ನಿಲ್ಲೋದಿಲ್ಲ ಅಂತ ಹೂಡಿಕೆದಾರ ಜಾರ್ಜ್ ಸೊರೊಸ್ ಅವರ ಫಂಡ್ ಪೌಂಡನ್ನು ರಾಶಿ ರಾಶಿ ಮಾರಿತು. ಪೌಂಡನ್ನು ಹಿಡಿದು ನಿಲ್ಲಿಸಲು ಬ್ರಿಟನ್ ಬಡ್ಡಿಯನ್ನು ಅದೇ ದಿನ ಶೇ. 10ರಿಂದ 12ಕ್ಕೆ ಏರಿಸಿತು, 15 ಮಾಡುತ್ತೇವೆ ಅನ್ನುವ ಘೋಷಣೆಯೂ ಬಂತು. ಸಂಜೆಗೆ ಬ್ರಿಟನ್ ಹಟ ಬಿಟ್ಟಿತು. ನಿಲ್ಲದ ಬೆಲೆಯನ್ನು ನಿಲ್ಲದು ಅಂದದ್ದು ಜೂಜೇ? ನನಗೆ ಹಾಗನ್ನಿಸುವುದಿಲ್ಲ. ಆದರೆ 1997ರಲ್ಲಿ ಇಂಥದೇ ಮಾರಾಟದ ಒತ್ತಡದಲ್ಲಿ ಥಾಯ್ಲೆಂಡಿನ ಕರೆನ್ಸಿ ಬಾಟ್ ಕುಸಿದು ಕೆಲಸ ಕಳೆದುಕೊಂಡವರ ಮುಂದೆ ಇದನ್ನು ಬರೀ ‘ವಹಿವಾಟು’ ಅನ್ನಲು ಬಾಯಿ ಬರುವುದಿಲ್ಲ. ಸದ್ಯಕ್ಕೆ ‘ಏರಿಳಿತದ ವ್ಯಾಪಾರ’ ಅಂತ ಬರೆದಿದ್ದೇನೆ.

ನನ್ನನ್ನು ಜಾಸ್ತಿ ಕಾಡಿದ್ದು ಶಾರ್ಟ್ ಸೆಲ್ಲಿಂಗ್. ಷೇರನ್ನು ಬೇರೆಯವರಿಂದ ತಂದು ಇವತ್ತು ಮಾರುವುದು, ಬೆಲೆ ಬಿದ್ದ ಮೇಲೆ ಕೊಂಡು ಹಿಂತಿರುಗಿಸುವುದು. ‘ಎರವಲು ಮಾರಾಟ’ ಅನ್ನೋಣ ಅಂದುಕೊಂಡೆ. ಆದರೆ ಎರವಲು ತಂದ ಪುಸ್ತಕವನ್ನು ಮಾರುವ ಹಾಗಿಲ್ಲ, ಅದೇ ಪುಸ್ತಕ ವಾಪಸ್ ಹೋಗಬೇಕು. ಕೈಗಡ ಹಾಗಲ್ಲ ಅಲ್ವಾ? ನೂರು ರೂಪಾಯಿ ತಂದರೆ ನೂರು ಕೊಟ್ಟರಾಯಿತು, ಅದೇ ನೋಟು ಬೇಕಿಲ್ಲ. ಷೇರಿನದೂ ಇದೇ ಲೆಕ್ಕ. ಅದಕ್ಕೇ ‘ಕಡಮಾರಾಟ’.

ಷೇರನ್ನು ಕಡ ತರದೆ, ಸಿಗುವ ಏರ್ಪಾಡೂ ಇಲ್ಲದೆ ಮಾರುವುದಕ್ಕೆ ‘ಬರಿಗೈ ಮಾರಾಟ’ ಅನ್ನಬಹುದು. ಈ ಎರಡನ್ನೂ ಬೇರೆ ಇಡಲೇಬೇಕು. ಕಡ ತಂದು ಮಾರಿದವನು ಕೊಂಡವನಿಗೆ ಷೇರು ಒಪ್ಪಿಸುತ್ತಾನೆ. ಬರಿಗೈಯವನು ಒಪ್ಪಿಸದೇ ಹೋಗಬಹುದು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕ 799 ಹಣಕಾಸು ಸಂಸ್ಥೆಗಳ ಷೇರಿನಲ್ಲಿ ಕಡಮಾರಾಟವನ್ನೇ ಕೆಲವು ವಾರ ನಿಲ್ಲಿಸಿತು. 2010ರ ಮೇನಲ್ಲಿ ಜರ್ಮನಿ ತಡೆದದ್ದು ಬರಿಗೈ ಮಾರಾಟವನ್ನು. ಎರಡಕ್ಕೂ ಒಂದೇ ಪದ ಹಾಕಿದರೆ ಓದುಗರು ಸುಮ್ನೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಒಂದು ಅಳುಕಿದೆ. ‘ಕಡಮಾರಾಟ’ ಅಂದರೆ ಉದ್ದರಿ ವ್ಯಾಪಾರ ಅಂತ ನಿಮ್ಮ ಕಿವಿಗೆ ಕೇಳಿಸುತ್ತದೆಯೇ? ಹಾಗಿದ್ದರೆ ‘ಕಡ ತಂದ ಮಾರಾಟ’ ಅಂತ ಬಿಡಿಸಿ ಬರೆಯುತ್ತೇನೆ.