ಆನೆಗೊಂದಿಯಲ್ಲಿ ನಾಲ್ಕು ಕೋಣೆ ಕಟ್ಟಬೇಕೋ ಬೇಡವೋ? ಹತ್ತು ವರ್ಷದ ಮಾತು ಯಾರನ್ನು ಕೇಳಲಿ?

ಆನೆಗೊಂದಿ ಗೈಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹದಿನೆಂಟು ವರ್ಷದಿಂದ ಹಂಪಿಯನ್ನೂ ತುಂಗಭದ್ರೆಯ ಈಚೆ ದಡದ ನಮ್ಮೂರು ಆನೆಗೊಂದಿಯನ್ನೂ ತೋರಿಸುವುದೇ ನನ್ನ ಕೆಲಸ. ಊರೊಳಗೆ ಅಪ್ಪ ಬಿಟ್ಟುಹೋದ ಹಳೇ ಮನೆ ಇದೆ. ಅದರ ಹಿಂದೆ ಎಂಟು ಗುಂಟೆ ಬಾಳೆತೋಟ. ಅಲ್ಲಿ ನಾಲ್ಕು ಕೋಣೆ ಕಟ್ಟಿ ಹೋಂಸ್ಟೇ ಮಾಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಬ್ಯಾಂಕಿನವರು ಹನ್ನೆರಡು ಲಕ್ಷ ಸಾಲ ಕೊಡುತ್ತೇವೆ ಅಂದಿದ್ದಾರೆ. ತೀರಿಸಲು ಹತ್ತು ವರ್ಷ.

ನಾನು ಕೇಳುತ್ತಿರುವುದು ಬಡ್ಡಿ ಬಗ್ಗೆ ಅಲ್ಲ. ಆ ಹತ್ತು ವರ್ಷದಲ್ಲಿ ನಮ್ಮೂರು ಏನಾಗಲಿದೆ ಅಂತ ಯಾರನ್ನು ಕೇಳಬೇಕು?

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿತು. ನಮ್ಮ ದಡದಿಂದ ಹಂಪಿ ಕಡೆಯ ತಳವಾರಘಟ್ಟಕ್ಕೆ ಸೇತುವೆ ಕಟ್ಟಲು ಹೊರಟಾಗ ತಕರಾರು ಎದ್ದು, 1999ರಲ್ಲಿ ಹಂಪಿ ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಹೋಯಿತು. ಅಲ್ಲಿಂದ ಹೊರಬಂದದ್ದು 2006ರಲ್ಲಿ. ಆ ಸೇತುವೆ 2009ರ ಜನವರಿಯಲ್ಲಿ, ಇನ್ನೂ ಕೆಲಸ ನಡೆಯುತ್ತಿರುವಾಗಲೇ, ಕುಸಿದು ಬಿತ್ತು. ಕೆಲಸಗಾರರು ಸತ್ತರು. ನಾವು ಮತ್ತೆ ಹರಿಗೋಲು ಹತ್ತಿದೆವು.

ಆಮೇಲೆ ಹೊಳೆ ನಡುವಿನ ನಡುಗಡ್ಡೆ, ವಿರುಪಾಪುರ ಗಡ್ಡೆ. ನಾನು ಅಲ್ಲಿ ಒಂದು ಗೆಸ್ಟ್‌ಹೌಸಿಗೆ ಮೂರು ಸೀಸನ್ ಜನ ಕರೆದುಕೊಂಡು ಹೋಗಿದ್ದೇನೆ. ಗದ್ದೆ ನಡುವೆ ಕೋಣೆ, ಎದುರಿಗೆ ಹೊಳೆ, ಆಚೆ ದಡದಲ್ಲಿ ವಿರೂಪಾಕ್ಷನ ಗೋಪುರ. ಬಂದವರು ಹತ್ತು ದಿನ ಇರುತ್ತಿದ್ದರು. 2020ರ ಫೆಬ್ರುವರಿಯಲ್ಲಿ ಆ ಗೆಸ್ಟ್‌ಹೌಸುಗಳನ್ನು ಕೆಡವಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ಜೆಸಿಬಿ ಬಂದವು. ತೀರ್ಪಿನ ಮೇಲೆ ನನಗೆ ತಕರಾರಿಲ್ಲ, ಅಲ್ಲಿ ಹಾಗೆ ಕಟ್ಟಬಾರದಿತ್ತು. ಆದರೆ ಮೊದಲ ಗುಡಿಸಲು ಎದ್ದ ದಿನವೇ ಹೇಳಬೇಕಾದ ಮಾತು ಅದು. ಅಡುಗೆಯವರು, ಬಟ್ಟೆ ಒಗೆಯುವವರು, ಸೈಕಲ್ ಬಾಡಿಗೆಗೆ ಕೊಡುವ ಹುಡುಗರು, ಎಲ್ಲರ ಹೊಟ್ಟೆಪಾಡೂ ಅಲ್ಲೇ ಬೇರು ಬಿಟ್ಟ ಮೇಲೆ ಹೇಳಿದರೆ ಹೇಗೆ?

ಈಗ ಬರುವ ಜನವೇ ಬೇರೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ, ದರ್ಶನ ಮಾಡಿ, ಸಂಜೆಯೊಳಗೆ ಹೊರಡುವವರೇ ಜಾಸ್ತಿ. ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆ ದಿನ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವರಿಗೆ ಬೇಕಾದದ್ದು ನೆರಳು, ನೀರು, ಶೌಚಾಲಯ. ನಾಲ್ಕು ಕೋಣೆ ಅಲ್ಲ. ನಾನು ಯಾರಿಗಾಗಿ ಕಟ್ಟಲಿ?

ಒಂದು ಕಚೇರಿಗೆ ಮೂರು ಸಲ ಹೋದೆ. ಮೂರು ಸಲವೂ ಸಾಹೇಬರು ಬೇರೆ ಬೇರೆ. ಕೊನೆಯವರು, "ನಾನು ಬಂದು ಎರಡು ತಿಂಗಳಾಯಿತು, ಮೊದಲು ಫೈಲ್ ನೋಡಬೇಕು" ಅಂದರು. ಒಳ್ಳೆಯವರೇ. ಆದರೆ ಅವರೂ ಹೋಗುತ್ತಾರೆ. ಸಾಲ ನನ್ನ ಹತ್ತಿರವೇ ಇರುತ್ತದೆ.

ಬಜಾರಿನ ಮಗಳು

ಅಣ್ಣ, ನಮ್ಮದು ಹಂಪಿ ಬಜಾರಿನ ಮನೆ. ವಿರೂಪಾಕ್ಷ ಗುಡಿ ಮುಂದಿನ ಸಾಲು ಮಂಟಪದಲ್ಲಿ ಅಪ್ಪನ ಅಂಗಡಿ, ಹಿಂದೆ ನಾವು. 2011ರ ಜುಲೈನಲ್ಲಿ ಎಬ್ಬಿಸಿದರು. ನನಗಾಗ ಹದಿನಾಲ್ಕು. ಅಮ್ಮ ರುಬ್ಬುವ ಕಲ್ಲನ್ನು ಎತ್ತಲಾಗದೆ ಅಲ್ಲೇ ಬಿಟ್ಟು ಬಂದಳು. ಈಗ ಕಡ್ಡಿರಾಂಪುರದಲ್ಲಿದ್ದೇವೆ.

ಜನ ಇದ್ದರೆ ಮಂಟಪ ಹಾಳಾಗುತ್ತದೆ ಅಂದರು. ಇರಬಹುದು, ನಾವೂ ಕಲ್ಲಿಗೆ ಮೊಳೆ ಹೊಡೆದಿದ್ದೇವೆ. ಆದರೆ 2024ರ ಮೇ ತಿಂಗಳ ಮಳೆಗೆ ಅದೇ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಟಿವಿಯಲ್ಲಿ ನೋಡಿ ಅಪ್ಪ ಊಟ ಬಿಟ್ಟು ಎದ್ದರು. ಜನರನ್ನು ಎಬ್ಬಿಸಲು ದಿನ ಗೊತ್ತು ಮಾಡಿದವರು, ಎಬ್ಬಿಸಿದ ಮೇಲೆ ಆ ಕಲ್ಲುಗಳನ್ನು ದಿನಾ ನೋಡಿಕೊಳ್ಳುವವರು ಯಾರು ಅಂತಲೂ ಗೊತ್ತು ಮಾಡಬೇಕಿತ್ತಲ್ವಾ?

"ಏನೂ ಆಗಲ್ಲ, ಕಟ್ಟಿ" ಅನ್ನುವವರನ್ನು ನಂಬಬೇಡಿ. ನಮಗೂ ಹಾಗೇ ಹೇಳಿದ್ದರು. ಬರೆದುಕೊಟ್ಟರೆ ಮಾತ್ರ ಕಟ್ಟಿ.

ಕಾಸರಗೋಡಿನವ

ನಾನು ಕೇರಳದ ಕುಮರಕಂನ ಒಂದು ರೆಸಾರ್ಟಿನಲ್ಲಿ ಅಡುಗೆಮನೆಗೆ ಸಾಮಾನು ತರಿಸುವ ಕೆಲಸದಲ್ಲಿದ್ದೇನೆ. ಇಲ್ಲಿಯೂ ಮೊದಲು ಊರಿನವರಿಗೂ ಹೋಟೆಲಿನವರಿಗೂ ಆಗಿಬರುತ್ತಿರಲಿಲ್ಲವಂತೆ. ತರಕಾರಿ ಹೊರಗಿಂದ ಬರುತ್ತಿತ್ತು, ಊರಿನವರಿಗೆ ಉಳಿಯುತ್ತಿದ್ದದ್ದು ಕಸ ಮಾತ್ರ. 2008ರ ಹೊತ್ತಿಗೆ ಪಂಚಾಯಿತಿ, ಹೋಟೆಲಿನವರು, ಕುಟುಂಬಶ್ರೀ ಅನ್ನುವ ಸ್ವಸಹಾಯ ಸಂಘದ ಹೆಂಗಸರು ಒಟ್ಟಿಗೆ ಕೂತರು. ಯಾರು ಏನು ಬೆಳೆಯಬೇಕು, ಎಷ್ಟಕ್ಕೆ ಕೊಳ್ಳಬೇಕು ಅಂತ ಮೊದಲೇ ಮಾತಾಯಿತು. ದೊಡ್ಡ ಮಾತಲ್ಲ, ಬಾಳೆಎಲೆ, ತೆಂಗಿನಕಾಯಿ, ಸೊಪ್ಪಿನ ಮಾತು. ನಡುವೆ ಕೇರಳದಲ್ಲಿ ಎರಡು ಸಲ ಸರ್ಕಾರ ಬದಲಾಯಿತು. ಆದರೂ ಎಳೆ ಕಡಿಯಲಿಲ್ಲ. 2017ರಲ್ಲಿ ಇಡೀ ರಾಜ್ಯಕ್ಕೆ ಅದೇ ಮಾದರಿಯಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮದ ಸರ್ಕಾರಿ ಮಿಷನ್ ಬಂತು.

ಎಲ್ಲ ಸರಿಯಾಗಿದೆ ಅಂತ ಹೇಳುವುದಿಲ್ಲ. ಹೊಳೆಯಲ್ಲಿ ಹೌಸ್‌ಬೋಟಿನ ಎಣ್ಣೆ ತೇಲುವುದನ್ನು ದಿನಾ ನೋಡುತ್ತೇನೆ. ಆದರೆ ಜಗಳ ಬಂದರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಊರಿನವರಿಗೆ ಗೊತ್ತಿದೆ.

ನಕ್ಷೆ ಓದುವವ

ಹೊಸಪೇಟೆಯವನು, ನಗರ ಯೋಜನೆ ಓದಿದ್ದೇನೆ. ಸರ್, ಯೋಜನೆಯೇ ಇಲ್ಲ ಅಂದುಕೊಳ್ಳಬೇಡಿ. ಹಂಪಿ ಪರಂಪರೆ ಪ್ರದೇಶವನ್ನು ನೋಡಿಕೊಳ್ಳುವ ಹಂಪಿ ಪ್ರಾಧಿಕಾರಕ್ಕೆ 2002ರ ಕಾಯ್ದೆ ಇದೆ, 29 ಹಳ್ಳಿ ಅದರ ಕೆಳಗೆ ಬರುತ್ತವೆ. ಕೋರ್ (ಸ್ಮಾರಕಗಳಿರುವ ಒಳಭಾಗ), ಬಫರ್ (ಅದರ ಸುತ್ತಲಿನ ಪಟ್ಟಿ), ಹೊರವಲಯ ಅಂತ ಭಾಗ ಮಾಡಿದ್ದಾರೆ. ಇದರ ಜೊತೆಗೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಹಳೇ ಮನೆ ರಿಪೇರಿಗೂ ಕೇಳಬೇಕು. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ನಿಮ್ಮ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ನೋಡಿ. ಕೋರ್‌ನಲ್ಲಿದ್ದರೆ ಹೊಸ ಕೋಣೆಯ ಆಸೆ ಬಿಡಿ.

ತೊಂದರೆ ಇರುವುದು ಬೇರೆ ಕಡೆ. ಹೊಳೆಯ ಆ ದಡ 2021ರಿಂದ ವಿಜಯನಗರ ಜಿಲ್ಲೆ, ನಿಮ್ಮ ದಡ ಕೊಪ್ಪಳ. ಪ್ರಾಧಿಕಾರ, ಪುರಾತತ್ವ, ಮುಜರಾಯಿ, ಪ್ರವಾಸೋದ್ಯಮ, ಪಂಚಾಯಿತಿ, ಇವರಲ್ಲಿ ಯಾರು ಬೇಕಾದರೂ "ಬೇಡ" ಅನ್ನಬಹುದು. "ಇಲ್ಲಿ ಇಷ್ಟು ಕೋಣೆ, ಇಲ್ಲಿ ಪಾರ್ಕಿಂಗ್, ಇಲ್ಲಿ ಗದ್ದೆ ಗದ್ದೆಯಾಗಿಯೇ ಇರಲಿ" ಅಂತ ಹೇಳಿ, ಹದಿನೈದು ವರ್ಷ ಆ ಮಾತಿಗೆ ನಿಲ್ಲುವವರು ಬೇಕು. ಡಿಸಿ ಎಷ್ಟೇ ಒಳ್ಳೆಯವರಿರಲಿ, ವರ್ಗವಾಗುತ್ತಾರೆ. ಅಲ್ಲೇ ಇರುವವರು ನೀವು.

ಆನೆಗೊಂದಿ ಗೈಡ್

ಎಲ್ಲರಿಗೂ ಧನ್ಯವಾದ. ನಿನ್ನೆ ಟೇಪ್ ಹಿಡಿದು ಮನೆಯಿಂದ ಹತ್ತಿರದ ಮಂಟಪಕ್ಕೆ ಅಳೆದೆ. 84 ಮೀಟರ್. ಅದು ಕೇಂದ್ರದ್ದೋ ರಾಜ್ಯದ್ದೋ ಅಂತ ಹದಿನೆಂಟು ವರ್ಷ ಗೈಡ್ ಆಗಿಯೂ ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಇದನ್ನು ಕೇಳಿ ಅರ್ಜಿ ಹಾಕಿದ್ದೇನೆ, ಸರ್ವೆ ನಂಬರಿನ ವಲಯವನ್ನೂ ಬರೆದುಕೊಡಿ ಅಂತ ಕೇಳಿದ್ದೇನೆ. ಬರೆದು ಬರುವವರೆಗೆ ಸಾಲ ಬೇಡ ಅಂತ ಮಗಳಿಗೆ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಆಮೇಲೆ ಇರುವ ಪಡಸಾಲೆಯಲ್ಲೇ ರೊಟ್ಟಿ ಊಟ ಶುರು ಮಾಡೋಣ ಅಂದಳು. ಅದಕ್ಕೆ ಒಪ್ಪಿದ್ದೇನೆ.

ಬರುವ ಗ್ರಾಮಸಭೆಯಲ್ಲಿ ಒಂದೇ ಒಂದು ಮಾತು ಎತ್ತುತ್ತೇನೆ. ವಲಯದ ನಕ್ಷೆಯನ್ನು ಸರ್ವೆ ನಂಬರ್ ಸಮೇತ ಪಂಚಾಯಿತಿ ಗೋಡೆ ಮೇಲೆ ಬರೆಸಿ ಅಂತ. ಸಾಹೇಬರು ಬದಲಾದರೂ ಗೋಡೆ ಅಲ್ಲೇ ಇರುತ್ತದೆ.

ಕಾಸರಗೋಡಿನ ಅಣ್ಣ, ಒಂದು ವಿಷಯ ವಿಚಾರಿಸಿ ಹೇಳುತ್ತೀರಾ? ಕುಮರಕಂನಲ್ಲಿ ಆ ಮೊದಲ ಸಭೆ ಕರೆದವರು ಯಾರು, ಪಂಚಾಯಿತಿಯವರೋ ಹೋಟೆಲಿನವರೋ? ಎರಡು ದಡದವರನ್ನೂ ಒಂದು ಕಡೆ ಕೂರಿಸಬೇಕು. ಕರೆಯುವವರು ಯಾರು ಅನ್ನುವಲ್ಲೇ ನಾವು ನಿಂತಿದ್ದೇವೆ.